ವಿಮಾನದ ದೂರವನ್ನೂ ಹೊತ್ತನ್ನೂ ಲೆಕ್ಕ ಹಾಕುವುದು ಹೇಗೆ?

ಬೇಲೂರಿನಿಂದ ಹಳೇಬೀಡಿಗೆ ಎಷ್ಟು ದೂರ ಎಂದು ಕೇಳಿ ನೋಡಿರಿ. ಬಸ್ಸಿನ ಕಂಡಕ್ಟರು ಹದಿನಾರು ಕಿಲೋಮೀಟರು ಎನ್ನುವರು. ವಯಸ್ಸಾದವರು ಹತ್ತು ಮೈಲಿ ಎನ್ನುವರು. ಅವರ ಅಜ್ಜಂದಿರಾದರೆ ಮೂರು ಹರದಾರಿಗೆ ತುಸು ಮೇಲೆ ಎನ್ನುತ್ತಿದ್ದರು. ಆಸ್ಪತ್ರೆಗೆ ಹೊರಟವರನ್ನು ಕೇಳಿದರೆ ಕಿಲೋಮೀಟರನ್ನೂ ಹೇಳರು, ಮೈಲಿಯನ್ನೂ ಹೇಳರು. ಅರ್ಧ ಗಂಟೆ ಎನ್ನುವರು. ಇವರಲ್ಲಿ ಯಾರ ಮಾತೂ ಸುಳ್ಳಲ್ಲ. ಒಂದೇ ದಾರಿಯನ್ನು ಒಬ್ಬೊಬ್ಬರು ಒಂದೊಂದು ಕೋಲಿನಿಂದ ಅಳೆಯುತ್ತಾರೆ, ಅಷ್ಟೆ.

ನೆಲದ ಮೇಲಿನ ದಾರಿಯಾದರೆ ಈ ಅಳತೆಗಳನ್ನು ನಾವು ಒಂದಕ್ಕೊಂದು ತಾಳೆ ನೋಡಿಕೊಳ್ಳಬಲ್ಲೆವು. ನಡೆದು, ಗಾಡಿ ಹೊಡೆದು, ಬಸ್ಸಿನಲ್ಲಿ ಕುಳಿತು ಗೊತ್ತಿರುವ ದಾರಿ ಅದು. ವಿಮಾನದ ಮಾತು ಬಂದಾಗ ಮಾತ್ರ ಯಾರಾದರೂ “ಇಷ್ಟೇ ನಿಮಿಷ” ಎಂದರೆ ಹೌದೆಂದು ಒಪ್ಪಿಬಿಡುತ್ತೇವೆ. ಮೈಸೂರಿನ ಮಂಡಕಳ್ಳಿಯ ನಿಲ್ದಾಣ 2010ರಲ್ಲಿ ಹೊಸದಾಗಿ ತೆರೆಯಿತು. ಶಿವಮೊಗ್ಗದ ಬಳಿ ಸೋಗಾನೆಯ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ನಮ್ಮ ಹಾಸನದ ಮಗ್ಗುಲಿನ ಭುವನಹಳ್ಳಿಯಲ್ಲಿ ಒಂದು ನಿಲ್ದಾಣಕ್ಕೆ 2007ರಲ್ಲಿ ಅಡಿಗಲ್ಲು ಬಿದ್ದು, ಕೆಲಸ ವರ್ಷಗಟ್ಟಲೆ ನಿಂತು, ಅನಂತರ ಮತ್ತೆ ಕೈಗೆತ್ತಿಕೊಂಡದ್ದನ್ನು ಸುತ್ತಲಿನವರೆಲ್ಲ ಕಂಡಿದ್ದಾರೆ. ನಿಲ್ದಾಣವೆಂದರೆ ಭೂಮಿ ಬೇಕು. ಭೂಮಿ ಎಂದರೆ ಬಹುಪಾಲು ಬೇಸಾಯಗಾರನದು. ಹೀಗಿರುವಾಗ ವಿಮಾನದ ದೂರ ಎಂದರೆ ಯಾವ ದೂರ, ವಿಮಾನದ ಹೊತ್ತು ಎಂದರೆ ಎಲ್ಲಿಂದ ಎಲ್ಲಿಯವರೆಗಿನ ಹೊತ್ತು ಎಂಬುದನ್ನು ನಾವೇ ಲೆಕ್ಕ ಹಾಕುವಂತಾಗುವುದು ಒಳ್ಳೆಯದು. ಲೆಕ್ಕ ಕಠಿಣವಾದುದಲ್ಲ. ಗುಣಾಕಾರ ಬರುವ ಹುಡುಗನೊಬ್ಬ ಮನೆಯಲ್ಲಿದ್ದರೆ ಸಾಕು.

ಗೆರೆಯ ದೂರ

ಮೊದಲು ಮೋಜಣಿದಾರನ ಸರಪಳಿಯಿಂದ ಹೊರಡೋಣ. ಮೂವತ್ತಮೂರು ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಇದು ನಮಗೆಲ್ಲ ಬಾಯಿಪಾಠ. ಆದರೆ ಇದರಲ್ಲಿ ಒಂದು ಸೂಕ್ಷ್ಮವುಂಟು. ಹೊಲ ಇಳಿಜಾರಾಗಿದ್ದರೆ ಮೋಜಣಿದಾರನು ಸರಪಳಿಯನ್ನು ಇಳಿಜಾರಿನ ಮೇಲೆ ಹಾಸಿ ಅಳೆಯುವುದಿಲ್ಲ. ಒಂದು ತುದಿಯನ್ನು ಎತ್ತಿ ಹಿಡಿದು, ಮಟ್ಟಸವಾಗಿ ಜಗ್ಗಿ, ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತಾನೆ. ಗುಡ್ಡದ ಹೊಲ ಕಾಲಿಗೆ ದೊಡ್ಡದು, ಪಹಣಿಯಲ್ಲಿ ಚಿಕ್ಕದು ಎಂದು ಗೊಣಗುವವರಿಗೆ ಕಾರಣ ಇದೇ. ನಕ್ಷೆಯಲ್ಲಿರುವುದೆಲ್ಲ ಈ ಮಟ್ಟಸ ದೂರವೇ. ವಿಮಾನದ ದೂರವೂ ಇದೇ ಜಾತಿಗೆ ಸೇರಿದ್ದು: ಎರಡು ಊರುಗಳ ನಡುವೆ ನೆಟ್ಟಗೆ ಎಳೆದ ಗೆರೆಯ ಉದ್ದ.

ದಾರಿಯ ದೂರ ಯಾವಾಗಲೂ ಗೆರೆಯ ದೂರಕ್ಕಿಂತ ಹೆಚ್ಚು. ಎಷ್ಟು ಹೆಚ್ಚು ಎಂಬುದು ನೆಲದ ಗುಣವನ್ನು ಅವಲಂಬಿಸಿದೆ. ಬೇಲೂರು ಗುಡಿಗೂ ಹಳೇಬೀಡಿನ ಗುಡಿಗೂ ಗೆರೆ ಎಳೆದರೆ ಸುಮಾರು ಹದಿನೈದೂವರೆ ಕಿಲೋಮೀಟರು. ರಸ್ತೆ ಹದಿನಾರು, ಹದಿನೇಳು. ಬಯಲು ನಾಡಾದ್ದರಿಂದ ರಸ್ತೆ ಹೆಚ್ಚುಕಡಿಮೆ ಗೆರೆಯಂತೆಯೇ ಹೋಗಿದೆ. ಹಾಸನದಿಂದ ಅರಸೀಕೆರೆಗೆ ಗೆರೆ 38 ಕಿಲೋಮೀಟರು. ರೈಲಿನ ದಾರಿ ಸುಮಾರು 47. ರೈಲು ಏರುತಗ್ಗುಗಳನ್ನು ಬಸ್ಸಿನಷ್ಟು ಸುಲಭವಾಗಿ ಹತ್ತಲಾರದು, ಸುತ್ತಿ ಬಳಸಿ ಹೋಗಬೇಕು. ಇನ್ನು ಬೇಲೂರಿನಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ಗೆರೆ 110 ಕಿಲೋಮೀಟರಿನೊಳಗೇ ಮುಗಿಯುತ್ತದೆ; ಘಟ್ಟ ಇಳಿದು ಹೋಗುವ ರಸ್ತೆಯೋ 150ರ ಸುಮಾರು. ಗಾಡಿ ಬಳಸಿ ಹೋಗುವ ಕಡೆ ಕಾಗೆ ಅಡ್ಡ ಹಾರುತ್ತದೆ. ವಿಮಾನದ ಮೊದಲ ಲಾಭ ಇರುವುದು ಇಲ್ಲಿಯೇ. ನೆಲ ಎಷ್ಟು ಒರಟೋ ಲಾಭ ಅಷ್ಟು ಹೆಚ್ಚು.

ಬೆಟ್ಟ ಹೊಳೆ ಅಡ್ಡ ಬಂದ ಕಡೆ ಸರಪಳಿ ಎಳೆಯಲಾಗದೆ ಗೆರೆಯ ಉದ್ದವನ್ನು ಹೇಗೆ ಕಂಡುಹಿಡಿದರು? ಇದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ಉತ್ತರವಿದೆ. ಶ್ರೀರಂಗಪಟ್ಟಣ ಬಿದ್ದ ಮಾರನೆಯ ವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಮೈಸೂರು ಸೀಮೆಯಲ್ಲಿ ಅಳತೆಯ ಕೆಲಸ ಆರಂಭಿಸಿದನು. 1802ರಲ್ಲಿ ಮದರಾಸಿನ ಬಳಿ ಏಳೂವರೆ ಮೈಲಿಯಷ್ಟು ನೆಲವನ್ನು ಸರಪಳಿಯಿಂದ ಅತಿ ಜಾಗ್ರತೆಯಾಗಿ ಅಳೆದದ್ದಾಯಿತು. 1804ರಲ್ಲಿ ಬೆಂಗಳೂರಿನ ಹತ್ತಿರ ಅಂಥದೇ ಇನ್ನೊಂದು ಗೆರೆ ಅಳೆಯಲಾಯಿತು. ಉಳಿದದ್ದೆಲ್ಲ ಕೋನದ ಲೆಕ್ಕ. ಅಳೆದ ಗೆರೆಯ ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಯನ್ನು ಯಂತ್ರದಲ್ಲಿ ನೋಡಿ, ಎರಡು ಕೋನಗಳನ್ನು ಬರೆದುಕೊಂಡರೆ ತ್ರಿಕೋನದ ಉಳಿದ ಎರಡು ಬದಿಗಳೂ ಲೆಕ್ಕಕ್ಕೆ ಸಿಕ್ಕುತ್ತವೆ. ಆ ಬದಿಯ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಬಲೆ ಹೆಣೆಯುತ್ತ ಪೂರ್ವ ಸಮುದ್ರದಿಂದ ಪಶ್ಚಿಮ ಸಮುದ್ರದವರೆಗೆ ಬಂದರು. ಇಡೀ ನಾಡನ್ನು ನಡೆಯದೆಯೇ ಅಳೆದಂತಾಯಿತು. ನಮ್ಮ ಕಡೆಯ ಕೆಲವು ಗುಡ್ಡಗಳ ನೆತ್ತಿಯ ಮೇಲೆ ಗುರುತು ಕೊರೆದ ಮೋಜಣಿ ಕಲ್ಲುಗಳನ್ನು ದನ ಕಾಯುವ ಹುಡುಗರು ನೋಡಿರುತ್ತಾರೆ. ಅವು ಇಂಥ ಅಳತೆಯ ಗುರುತುಗಳು, ಕಿತ್ತು ಹಾಕಬಾರದು.

ಈಗ ಅಷ್ಟು ಶ್ರಮವಿಲ್ಲ. ಭೂಮಿಯ ಮೇಲಿನ ಪ್ರತಿ ಸ್ಥಳಕ್ಕೂ ಎರಡು ಅಂಕಿಗಳ ವಿಳಾಸವುಂಟು. ಸಮಭಾಜಕ ವೃತ್ತದಿಂದ ಎಷ್ಟು ಉತ್ತರಕ್ಕೆ ಎಂಬುದು ಅಕ್ಷಾಂಶ. ಇಂಗ್ಲೆಂಡಿನ ಗ್ರೀನಿಚ್‌ನಿಂದ ಎಷ್ಟು ಪೂರ್ವಕ್ಕೆ ಎಂಬುದು ರೇಖಾಂಶ. ಮಕ್ಕಳ ಕೈಯಲ್ಲಿರುವ ಫೋನಿನ ನಕ್ಷೆಯಲ್ಲಿ ಒಂದು ಸ್ಥಳದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಈ ಎರಡು ಅಂಕಿಗಳೂ ಬರುತ್ತವೆ. ಮಂಡಕಳ್ಳಿಯ ನಿಲ್ದಾಣ 12.23 ಅಕ್ಷಾಂಶ, 76.66 ರೇಖಾಂಶ. ಸೋಗಾನೆಯದು 13.85 ಅಕ್ಷಾಂಶ, 75.61 ರೇಖಾಂಶ.

ಒಂದು ಅಂಶ ಅಕ್ಷಾಂಶವೆಂದರೆ ನಮ್ಮ ಕಡೆ ನೆಲದ ಮೇಲೆ 110.6 ಕಿಲೋಮೀಟರು. ಒಂದು ಅಂಶ ರೇಖಾಂಶವೆಂದರೆ 108.5. ಎರಡೂ ಏಕೆ ಸಮವಲ್ಲವೆಂದರೆ, ರೇಖಾಂಶದ ಗೆರೆಗಳು ಕಿತ್ತಳೆಯ ತೊಳೆಗಳಂತೆ. ನಡುವಿನಲ್ಲಿ ಅಗಲ, ಎರಡು ತುದಿಗಳಲ್ಲಿ ಕೂಡಿಕೊಳ್ಳುತ್ತವೆ. ಸಮಭಾಜಕದಿಂದ ಉತ್ತರಕ್ಕೆ ಹೋದಂತೆಲ್ಲ ತೊಳೆ ಕಿರಿದಾಗುತ್ತದೆ. ಹಾಸನ ಸೀಮೆಯಲ್ಲಿ ತುಸು ಮಾತ್ರ ಕಿರಿದಾಗಿದೆ. ಕಾಶ್ಮೀರದಲ್ಲಿ ಇದು ತೊಂಬತ್ತರ ಆಸುಪಾಸಿಗೆ ಇಳಿಯುತ್ತದೆ.

ಈಗ ಲೆಕ್ಕ. ಎರಡು ನಿಲ್ದಾಣಗಳ ಅಕ್ಷಾಂಶದ ವ್ಯತ್ಯಾಸ 1.62, ಅದನ್ನು 110.6ರಿಂದ ಗುಣಿಸಿದರೆ 179. ಸೋಗಾನೆಯು ಮಂಡಕಳ್ಳಿಗೆ ಉತ್ತರದಲ್ಲಿ 179 ಕಿಲೋಮೀಟರು ಎಂದಾಯಿತು. ರೇಖಾಂಶದ ವ್ಯತ್ಯಾಸ 1.05, ಅದನ್ನು 108.5ರಿಂದ ಗುಣಿಸಿದರೆ 114. ಪಶ್ಚಿಮಕ್ಕೆ 114 ಕಿಲೋಮೀಟರು. ಇವೆರಡನ್ನೂ ಕೂಡಿದರೆ ಆಗದು, ಏಕೆಂದರೆ ವಿಮಾನ ಮೊದಲು ಉತ್ತರಕ್ಕೆ ಹೋಗಿ ಆಮೇಲೆ ಪಶ್ಚಿಮಕ್ಕೆ ತಿರುಗುವುದಿಲ್ಲ. ಮೂಲೆಯಿಂದ ಮೂಲೆಗೆ ಹಾರುತ್ತದೆ. ಇಲ್ಲಿ ನಮಗೆ ನೆರವಾಗುವವನು ಗಾರೆ ಕೆಲಸದ ಮೇಸ್ತ್ರಿ. ಪಾಯ ಹಾಕುವಾಗ ಮೂಲೆಮಟ್ಟ ಸರಿಯಿದೆಯೇ ಎಂದು ನೋಡಲು ಅವನು ಒಂದು ದಾರದ ಮೇಲೆ ಮೂರು ಅಡಿ, ಇನ್ನೊಂದು ದಾರದ ಮೇಲೆ ನಾಲ್ಕು ಅಡಿ ಗುರುತು ಮಾಡಿ, ಅಡ್ಡ ಅಳತೆ ಐದು ಅಡಿ ಬಂದರೆ ಮೂಲೆ ಸರಿ ಎನ್ನುತ್ತಾನೆ. ಮೂರು ಮೂರಲ ಒಂಬತ್ತು, ನಾಲ್ಕು ನಾಲ್ಕಲ ಹದಿನಾರು, ಕೂಡಿದರೆ ಇಪ್ಪತ್ತೈದು, ಅದು ಐದೈದಲ. ಇಷ್ಟೇ ಸೂತ್ರ. ಯಜ್ಞವೇದಿಕೆ ಕಟ್ಟುವವರು ಎರಡು ಸಾವಿರ ವರ್ಷಕ್ಕೂ ಹಿಂದೆ ಹಗ್ಗ ಹಿಡಿದು ಇದನ್ನು ತಿಳಿದಿದ್ದರು. ಬೇಲೂರು ಹಳೇಬೀಡುಗಳ ಜಗತಿಯ ನಕ್ಷತ್ರದ ಮೂಲೆಗಳನ್ನು ಗುರುತಿಸಿದವರೂ ಗೂಟ ನೆಟ್ಟು ಹಗ್ಗ ಎಳೆದೇ ಕೆಲಸ ಮಾಡಿರಬೇಕು.

179ನ್ನು 179ರಿಂದ ಗುಣಿಸಿದರೆ 32,041. 114ನ್ನು 114ರಿಂದ ಗುಣಿಸಿದರೆ 12,996. ಎರಡೂ ಕೂಡಿ 45,037. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಇಷ್ಟಾಗುತ್ತದೆ? 212. ಮೈಸೂರು ನಿಲ್ದಾಣದಿಂದ ಶಿವಮೊಗ್ಗ ನಿಲ್ದಾಣಕ್ಕೆ ಗೆರೆಯ ದೂರ 212 ಕಿಲೋಮೀಟರು.

ಈ ಗೆರೆ ಎಲ್ಲಿ ಹಾದುಹೋಗುತ್ತದೆ ನೋಡಿರಿ. ನಕ್ಷೆಯ ಮೇಲೆ ದಾರ ಹಿಡಿದರೆ ಅದು ಹಾಸನ ಪಟ್ಟಣದ ಪೂರ್ವಕ್ಕೆ ಐದು ಕಿಲೋಮೀಟರಿನಷ್ಟು ದೂರದಲ್ಲಿ ಸಾಗಿ, ಹಳೇಬೀಡಿನ ಗುಡಿಗೆ ಎರಡು ಮೂರು ಕಿಲೋಮೀಟರು ಪೂರ್ವದಲ್ಲಿ ದಾಟುತ್ತದೆ. ಬೇಲೂರು ಗೆರೆಯಿಂದ 18 ಕಿಲೋಮೀಟರು ಪಶ್ಚಿಮಕ್ಕೂ, ಅರಸೀಕೆರೆ 27 ಕಿಲೋಮೀಟರು ಪೂರ್ವಕ್ಕೂ ಉಳಿಯುತ್ತವೆ. ಅಂದರೆ ಈ ಎರಡು ನಿಲ್ದಾಣಗಳ ಲೆಕ್ಕದ ಮಧ್ಯಭಾಗವೆಲ್ಲ ನಮ್ಮ ಹೊಲಗಳ ಮೇಲೆಯೇ ಬೀಳುತ್ತದೆ. ಈ ದಾರಿಯಲ್ಲಿ ವಿಮಾನ ಓಡಲಿ, ಬಿಡಲಿ, ಕಲಿಯುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಕ್ಕದು.

ಭೂಮಿ ಗುಂಡಗಿದೆಯಲ್ಲ, ಚಪ್ಪಟೆ ಹೊಲದ ಸೂತ್ರ ಅದಕ್ಕೆ ಹೊಂದುವುದೇ ಎಂದು ಬುದ್ಧಿವಂತ ಹುಡುಗ ಕೇಳಬಹುದು. ಇನ್ನೂರು ಮುನ್ನೂರು ಕಿಲೋಮೀಟರಿಗೆ ಆಗುವ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಂಥದಲ್ಲ. ಬಹುದೂರದ ಪ್ರಯಾಣಕ್ಕೆ ಮಾತ್ರ ಬೇರೆ ಸೂತ್ರ ಬೇಕು. ಸುಲಿದ ತೆಂಗಿನಕಾಯಿಯೊಂದನ್ನು ತೆಗೆದುಕೊಂಡು ಅದರ ಮೇಲೆ ಎರಡು ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ದಾರವನ್ನು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಅತಿ ಹತ್ತಿರದ ದಾರಿಯಲ್ಲಿ ನಿಲ್ಲುತ್ತದೆ. ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ಹೀಗೆ ದಾರ ಎಳೆದರೆ ಅದು ಪೂರ್ವಕ್ಕೂ ಹೋಗದು, ಪಶ್ಚಿಮಕ್ಕೂ ಹೋಗದು; ಉತ್ತರ ಧ್ರುವದ ಕಡೆಯಿಂದ ಸುತ್ತುತ್ತದೆ. ಗೆರೆ ಸುಮಾರು 14,000 ಕಿಲೋಮೀಟರು. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದನ್ನು ಹೆಣ್ಣುಮಕ್ಕಳೇ ನಡೆಸಿಕೊಂಡು ಆ ದಾರಿಯಲ್ಲಿ ಬೆಂಗಳೂರಿಗೆ ಬಂದಿಳಿದರು.

ವಿಮಾನದವರು ಕಿಲೋಮೀಟರಿನಲ್ಲಿ ಮಾತನಾಡುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅವರದು ಹಡಗಿನವರಿಂದ ಬಂದ ಕಡಲ ಮೈಲಿ. ಒಂದು ಕಡಲ ಮೈಲಿ ಎಂದರೆ 1,852 ಮೀಟರು. ನಮ್ಮ ಹಳೆಯ ಮೈಲಿಗಿಂತ ಉದ್ದ. ಗಂಟೆಗೆ ಒಂದು ಕಡಲ ಮೈಲಿ ಹೋದರೆ ಅದಕ್ಕೆ ಒಂದು ನಾಟ್ ಎನ್ನುತ್ತಾರೆ. 212 ಕಿಲೋಮೀಟರೆಂದರೆ 114 ಕಡಲ ಮೈಲಿಗೆ ತುಸು ಮೇಲೆ. ಪತ್ರಿಕೆಯಲ್ಲಿ ಬರಿಯ ‘ಮೈಲಿ’ ಎಂದು ಬರೆದಿದ್ದರೆ ಯಾವ ಮೈಲಿ ಎಂದು ಕೇಳಿಕೊಳ್ಳಿರಿ.

ಹೊತ್ತಿನ ಲೆಕ್ಕ

ಚಿಕ್ಕ ನಿಲ್ದಾಣಗಳ ನಡುವೆ ಸಾಮಾನ್ಯವಾಗಿ ಓಡುವುದು ಎಟಿಆರ್ ಎಂಬ, ರೆಕ್ಕೆಗೊಂದರಂತೆ ಎರಡು ಪಂಖಗಳ ವಿಮಾನ. ಎಪ್ಪತ್ತರ ಮೇಲೆ ಆಸನಗಳಿರುತ್ತವೆ. ಮೇಲೆ ಹೋಗಿ ನೆಲೆನಿಂತ ಮೇಲೆ ಅದರ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು. ಹಾಗಾದರೆ 212 ಕಿಲೋಮೀಟರಿಗೆ ಎಷ್ಟು ಹೊತ್ತು? 212ನ್ನು 500ರಿಂದ ಭಾಗಿಸಿ 60ರಿಂದ ಗುಣಿಸಿದರೆ ಇಪ್ಪತ್ತೈದು ನಿಮಿಷ. ಎಷ್ಟೋ ಸಲ ಭಾಷಣಗಳಲ್ಲಿ ಬರುವ “ಅರ್ಧ ಗಂಟೆಯೊಳಗೆ” ಎಂಬುದು ಹೀಗೆ ಹುಟ್ಟಿದ್ದು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಇದು ನಡುದಾರಿಯ ವೇಗವನ್ನು ಇಡೀ ದಾರಿಗೆ ಹಚ್ಚಿದ ಲೆಕ್ಕ. ಎತ್ತು ಇಳಿಜಾರಿನಲ್ಲಿ ಓಡಿದ್ದನ್ನು ನೋಡಿ ಇಡೀ ದಿನದ ದಾರಿಯನ್ನು ಲೆಕ್ಕ ಹಾಕಿದಂತೆ.

ನಿಜವಾಗಿ ಓಡಿದ ವಿಮಾನವನ್ನೇ ತೆಗೆದುಕೊಳ್ಳೋಣ. ಶಿವಮೊಗ್ಗಕ್ಕೆ ಪ್ರಯಾಣಿಕರ ವಿಮಾನ ಮೊದಲು ಬಂದದ್ದು 2023ರ ಆಗಸ್ಟ್ 31ರಂದು, ಬೆಂಗಳೂರಿನ ದೇವನಹಳ್ಳಿಯಿಂದ. ಆಗಿನ ವೇಳಾಪಟ್ಟಿಯಲ್ಲಿ ಅದು ಬೆಂಗಳೂರು ಬಿಡುತ್ತಿದ್ದುದು 9-50ಕ್ಕೆ, ಶಿವಮೊಗ್ಗ ಸೇರುತ್ತಿದ್ದುದು 11-05ಕ್ಕೆ, ಒಂದೂಕಾಲು ಗಂಟೆ. ಗೆರೆಯ ದೂರವೆಷ್ಟು? ದೇವನಹಳ್ಳಿ 13.20, 77.71. ಮೇಲಿನ ಸೂತ್ರದಂತೆ ನೀವೇ ಮಾಡಿ ನೋಡಿದರೆ ಉತ್ತರಕ್ಕೆ 72, ಪಶ್ಚಿಮಕ್ಕೆ 228, ಗೆರೆ 239 ಕಿಲೋಮೀಟರು ಬರುತ್ತದೆ. ಐನೂರರ ವೇಗದಲ್ಲಿ ಅದು 29 ನಿಮಿಷದ ದಾರಿ. ವೇಳಾಪಟ್ಟಿಯ 75 ನಿಮಿಷದಲ್ಲಿ 29 ಹೋದರೆ 46 ನಿಮಿಷ ಉಳಿಯಿತು. ಅದು ಎಲ್ಲಿ ಹೋಯಿತು?

ವಿಮಾನದವರ ಗಡಿಯಾರ ಶುರುವಾಗುವುದು ವಿಮಾನ ನೆಲ ಬಿಟ್ಟಾಗಲ್ಲ. ನಾವು ನಿಂತ ಗಾಡಿಯ ಚಕ್ರಕ್ಕೆ ಕಲ್ಲು ಕೊಡುವಂತೆ ಅವರು ನಿಂತ ವಿಮಾನದ ಗಾಲಿಗೆ ದಿಮ್ಮಿ ಇಡುತ್ತಾರೆ. ಆ ದಿಮ್ಮಿಗೆ ಇಂಗ್ಲಿಷಿನಲ್ಲಿ ಬ್ಲಾಕ್ ಎಂದು ಹೆಸರು. ಹೊರಡುವ ಕಡೆ ದಿಮ್ಮಿ ತೆಗೆದ ಗಳಿಗೆಯಿಂದ ಸೇರಿದ ಕಡೆ ದಿಮ್ಮಿ ಇಟ್ಟ ಗಳಿಗೆಯವರೆಗಿನ ಹೊತ್ತಿಗೆ ಬ್ಲಾಕ್ ಟೈಮ್ ಎನ್ನುತ್ತಾರೆ. (ನಮ್ಮ ಬ್ಲಾಕಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ನಮ್ಮ ಬ್ಲಾಕಿನ ಕೆಲಸಗಳ ಹೊತ್ತನ್ನೂ ಹೀಗೆ ದಿಮ್ಮಿಯಿಂದ ದಿಮ್ಮಿಗೆ ಲೆಕ್ಕ ಹಾಕಿದರೆ ಕೆಟ್ಟದ್ದೇನೂ ಆಗದು.) ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಈ ಹೊತ್ತು.

ದಿಮ್ಮಿ ತೆಗೆದ ಮೇಲೆ ವಿಮಾನ ನೆಲದ ಮೇಲೆ ನಿಧಾನವಾಗಿ ಉರುಳುತ್ತ ಓಡುದಾರಿಯ ತುದಿಗೆ ಹೋಗಬೇಕು. ದೇವನಹಳ್ಳಿಯಂಥ ದೊಡ್ಡ ನಿಲ್ದಾಣದಲ್ಲಿ ಅಲ್ಲಿ ಮುಂದೆ ಇನ್ನೂ ನಾಲ್ಕಾರು ವಿಮಾನ ಸರದಿಯಲ್ಲಿ ನಿಂತಿರುತ್ತವೆ, ರಾಗಿ ಮಿಲ್ಲಿನ ಮುಂದೆ ಚೀಲಗಳು ನಿಂತ ಹಾಗೆ. ನೆಲ ಬಿಟ್ಟ ಮೇಲೆ ಹತ್ತುವುದಕ್ಕೆ ಹತ್ತು ಹದಿನೈದು ನಿಮಿಷ. ಹತ್ತುವಾಗ ವೇಗ ಕಡಿಮೆ. ಸೋಗಾನೆ ಹತ್ತಿರವಾಗುವ ಮೊದಲೇ ಇಳಿಯಲು ಆರಂಭಿಸಬೇಕು. ಇಳಿಯುವಾಗಲೂ ವೇಗ ಕಡಿಮೆ. ಇಷ್ಟು ಹತ್ತಿರದ ಪ್ರಯಾಣದಲ್ಲಿ ಐನೂರರ ವೇಗದಲ್ಲಿ ಹಾರುವುದು ಸ್ವಲ್ಪ ಹೊತ್ತು ಮಾತ್ರ. ಗೆರೆಯ ಮೇಲೆಯೇ ಹಾರುವುದಕ್ಕೂ ಆಗದು. ಆಕಾಶದಲ್ಲಿ ಗೊತ್ತುಮಾಡಿದ ದಾರಿಗಳುಂಟು, ನೆಲದಲ್ಲಿ ಕುಳಿತ ನಿಯಂತ್ರಕರು ಹೇಳಿದ ಕಡೆ ತಿರುಗಬೇಕು. ಜೊತೆಗೆ ವೇಳಾಪಟ್ಟಿ ಮಾಡುವವರು ತಡವಾದೀತೆಂದು ಕೆಲವು ನಿಮಿಷಗಳನ್ನು ಮೊದಲೇ ಸೇರಿಸಿಟ್ಟುಕೊಳ್ಳುತ್ತಾರೆ.

ಇನ್ನು ಗಾಳಿ. ತೂರುವ ಕಣದಲ್ಲಿ ಗಾಳಿಯ ಮರ್ಮ ಅರಿತ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಮಾನ ಗಾಳಿಯೊಳಗೆ ಹಾರುತ್ತದೆ. ಗಾಳಿಯೇ ಚಲಿಸುತ್ತಿದ್ದರೆ ವಿಮಾನವೂ ಅದರೊಡನೆ ಚಲಿಸುತ್ತದೆ, ತುಂಬಿದ ಹೊಳೆಯಲ್ಲಿ ಹರಿಗೋಲಿನಂತೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಗಂಟೆಗೆ 50 ಕಿಲೋಮೀಟರು ಎದುರುಗಾಳಿ ಎಂದು ಹಿಡಿದರೆ ಐನೂರರ ವೇಗ ನೆಲದ ಲೆಕ್ಕದಲ್ಲಿ 450 ಆಗುತ್ತದೆ. 239 ಕಿಲೋಮೀಟರಿಗೆ 29ರ ಬದಲು 32 ನಿಮಿಷ. ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗೆ ಬಂದು ವೇಗ 550, 26 ನಿಮಿಷ. ಒಟ್ಟು ಆರು ನಿಮಿಷದ ಅಂತರ. ಹತ್ತಿರದ ಊರುಗಳ ನಡುವೆ ಗಾಳಿಯಿಂದ ಕೆಡುವುದು ಇಷ್ಟೇ. ನಿಜವಾಗಿ ಕೆಡಿಸುವುದು ಮಂಜು ಮತ್ತು ಕೆಳಗಿಳಿದ ಮೋಡ. ಓಡುದಾರಿ ಕಾಣದಿದ್ದರೆ ವಿಮಾನ ಸುತ್ತು ಹಾಕಿ ಕಾಯಬೇಕು, ಇಲ್ಲವೇ ಬಂದ ದಾರಿ ಹಿಡಿಯಬೇಕು. ಮಲೆನಾಡಿನ ಸೆರಗಿನಲ್ಲಿರುವ ನಿಲ್ದಾಣಕ್ಕೆ ಆಷಾಢ ಶ್ರಾವಣಗಳಲ್ಲಿ ಹೋಗುವವರು ಇದನ್ನು ಮನಸ್ಸಿನಲ್ಲಿಟ್ಟಿರಬೇಕು.

ಓಡುದಾರಿಯ ಉದ್ದವೂ ಹೊತ್ತಿನ ಲೆಕ್ಕಕ್ಕೆ ಬೇರೊಂದು ರೀತಿಯಲ್ಲಿ ಸೇರುತ್ತದೆ. ಮೈಸೂರಿನ ನಿಲ್ದಾಣ ತೆರೆದಾಗ ಅದರ ಓಡುದಾರಿ 1,740 ಮೀಟರು. ನಮ್ಮ ಸರಪಳಿಯಲ್ಲಿ 173. ಶಿವಮೊಗ್ಗದ್ದು 3,200 ಮೀಟರು, 318 ಸರಪಳಿ. ಉದ್ದವಿದ್ದ ಕಡೆ ದೊಡ್ಡ ಜೆಟ್ ವಿಮಾನಗಳೂ ಇಳಿಯಬಹುದು, ದೂರದ ಊರಿಗೆ ನೇರವಾಗಿ ಹೋಗಬಹುದು. ಗಿಡ್ಡವಿದ್ದ ಕಡೆ ಚಿಕ್ಕ ವಿಮಾನದಲ್ಲಿ ಹೊರಟು ಬೇರೆ ಕಡೆ ಇಳಿದು ಹತ್ತಬೇಕು. ಹಾಗೆ ಇಳಿದು ಹತ್ತುವ ಕಡೆ ಹೋಗುವ ಎರಡು ಗಂಟೆಯನ್ನು ಯಾವ ವೇಗದ ಪಂಖವೂ ತುಂಬಿಕೊಡಲಾರದು.

ಮನೆಬಾಗಿಲಿನ ಲೆಕ್ಕ

ಇಷ್ಟು ಹೊತ್ತು ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದೆವು. ಆದರೆ ನಿಲ್ದಾಣದಲ್ಲಿ ಯಾರೂ ಹುಟ್ಟಿ ಬೆಳೆದಿಲ್ಲ. ಮನೆಯಿಂದ ಹೊರಟು ಮನೆ ಸೇರಬೇಕು. ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ಸಾವಿನ ಮನೆಯಲ್ಲಿ. ಹಿರಿಯರು ತೀರಿಕೊಂಡಿರುತ್ತಾರೆ. ಮಗ ದೆಹಲಿಯಲ್ಲಿ. ಮಗನ ಕೈಯಿಂದಲೇ ಮಣ್ಣು ಹಾಕಿಸಬೇಕೆಂದು ಮನೆಯವರ ಆಸೆ. “ದೆಹಲಿಯಿಂದ ವಿಮಾನದಲ್ಲಿ ಎರಡು ಮುಕ್ಕಾಲು ಗಂಟೆಯಂತೆ, ಮಧ್ಯಾಹ್ನದೊಳಗೆ ಬಂದಾನು” ಎಂದು ಯಾರೋ ಹೇಳುತ್ತಾರೆ. ನೆಂಟರು ಕಾಯುತ್ತಾರೆ. ಬೇಸಿಗೆ. ಮಧ್ಯಾಹ್ನ ಕಳೆಯುತ್ತದೆ, ಸಂಜೆಯಾಗುತ್ತದೆ, ಕತ್ತಲಾಗುವ ಮುನ್ನ ಮುಗಿಸಬೇಕೆಂದು ಹಿರಿಯರು ಏಳುತ್ತಾರೆ. ಮಗ ಊರ ಬಾಗಿಲಿಗೆ ಬರುವಾಗ ಎಲ್ಲ ಮುಗಿದಿರುತ್ತದೆ. ಇಂಥದು ನಡೆಯದ ಹೋಬಳಿ ಇಲ್ಲ.

ಇದನ್ನು ಬೆಳಗ್ಗೆಯೇ ಲೆಕ್ಕ ಹಾಕಬಹುದಿತ್ತು. ದೆಹಲಿಯಿಂದ ಬೆಂಗಳೂರಿಗೆ ಗೆರೆ 1,700 ಕಿಲೋಮೀಟರು. ದೊಡ್ಡ ಜೆಟ್ ವಿಮಾನಕ್ಕೆ ದಿಮ್ಮಿಯಿಂದ ದಿಮ್ಮಿಗೆ ಎರಡು ಮುಕ್ಕಾಲು ಗಂಟೆ. ಸರಿ. ಆದರೆ ಮಗ ದೆಹಲಿಯ ಮನೆಯಿಂದ ನಿಲ್ದಾಣ ಮುಟ್ಟಲು ಒಂದೂವರೆ ಗಂಟೆ. ತಪಾಸಣೆ ಮುಗಿಸಲು ಎರಡು ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಬೆಂಗಳೂರಿನಲ್ಲಿ ಇಳಿದು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಅರಸೀಕೆರೆ ಕಡೆಯ ಹಳ್ಳಿಗೆ ಕಾರಿನಲ್ಲಿ ನಾಲ್ಕು ಗಂಟೆ ಎಂದಿಟ್ಟುಕೊಳ್ಳಿ. ಒಟ್ಟು ಹತ್ತು ಮುಕ್ಕಾಲು ಗಂಟೆ. ಬೆಳಗ್ಗೆ ಏಳಕ್ಕೆ ಹೊರಟವನು, ಕಾಯದೆ ಆಸನ ಸಿಕ್ಕಿದರೆ, ಸಂಜೆ ಐದೂ ಮುಕ್ಕಾಲಿಗೆ ಬರುತ್ತಾನೆ. ವಿಮಾನದ ಹೊತ್ತು ಇದರಲ್ಲಿ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ನೆಲದ ಮೇಲಿನದು. ಇದು ತಿಳಿದಿದ್ದರೆ ಹಿರಿಯರು ಬೆಳಗ್ಗೆಯೇ ತೀರ್ಮಾನ ಮಾಡುತ್ತಾರೆ: ಒಂದೋ ಮಂಜುಗಡ್ಡೆ ಪೆಟ್ಟಿಗೆ ತರಿಸಿ ಮಾರನೆಯ ದಿನಕ್ಕೆ ನಿಲ್ಲಿಸುವುದು, ಇಲ್ಲವೇ ಮಗನಿಗೆ ಫೋನಿನಲ್ಲಿ ನಿಜ ಹೇಳಿ ಮುಂದುವರಿಯುವುದು. ಎರಡರಲ್ಲಿ ಯಾವುದಾದರೂ, ಕಾದು ಕಾದು ಕೊನೆಗೆ ಕೈಬಿಡುವುದಕ್ಕಿಂತ ಮೇಲು.

ಬೆಂಗಳೂರಿನಲ್ಲಿ ಇಳಿಯುವ ಬದಲು ಅಲ್ಲಿಂದ ಶಿವಮೊಗ್ಗದ ಚಿಕ್ಕ ವಿಮಾನ ಹಿಡಿದರೆ ಬೇಗವಾಗದೇ ಎಂದು ಕೇಳಬಹುದು. ನೋಡೋಣ. ಬೆಂಗಳೂರಿನಲ್ಲಿ ಇನ್ನೊಂದು ವಿಮಾನಕ್ಕೆ ಕಾಯಲು ಎರಡು ಗಂಟೆ, ಹಾರಲು ಒಂದೂಕಾಲು, ಹೊರಬರಲು ಇಪ್ಪತ್ತು ನಿಮಿಷ, ಶಿವಮೊಗ್ಗದಿಂದ ಅರಸೀಕೆರೆಗೆ ರಸ್ತೆಯಲ್ಲಿ ಎರಡೂವರೆ ಗಂಟೆ. ಒಟ್ಟು ಆರು ಗಂಟೆ ಐದು ನಿಮಿಷ. ಬೆಂಗಳೂರಿನಿಂದ ನೇರವಾಗಿ ಕಾರಿನಲ್ಲಿ ಬಂದರೆ ಹೊರಬರುವ ಅರ್ಧ ಗಂಟೆಯೂ ಸೇರಿ ನಾಲ್ಕೂವರೆ. ಚಿಕ್ಕ ವಿಮಾನ ಒಂದೂವರೆ ಗಂಟೆ ಉಳಿಸಲಿಲ್ಲ, ನುಂಗಿತು. ಆದರೆ ಇದೇ ಲೆಕ್ಕವನ್ನು ಸಾಗರದವರೋ ತೀರ್ಥಹಳ್ಳಿಯವರೋ ಮಾಡಿದರೆ ಉತ್ತರ ಬೇರೆಯಾದೀತು. ಅವರಿಗೆ ಬೆಂಗಳೂರಿನಿಂದ ರಸ್ತೆಯ ದಾರಿ ಬಲು ಉದ್ದ, ಸೋಗಾನೆ ಹತ್ತಿರ. ಆದ್ದರಿಂದ ಒಂದು ನಿಲ್ದಾಣ ಒಳ್ಳೆಯದೋ ಅಲ್ಲವೋ ಎಂದು ಸುಮ್ಮನೆ ವಾದ ಮಾಡುವುದರಲ್ಲಿ ಹುರುಳಿಲ್ಲ. ಯಾವ ಊರಿನವರಿಗೆ, ಯಾವ ಊರಿಗೆ ಹೋಗಲು ಎಂದು ಕೇಳಬೇಕು. ಅರಸೀಕೆರೆಯವರಿಗೆ ಜಂಕ್ಷನ್ನಿನ ರೈಲು ಇರುವಾಗ ಬೆಂಗಳೂರಿಗೆ ಹೋಗಲು ವಿಮಾನದ ಮಾತೇ ಏಳುವುದಿಲ್ಲ. ಬೇಲೂರಿನವರಿಗೆ ಮಂಗಳೂರು ಗೆರೆಯಲ್ಲಿ ಹತ್ತಿರ. ಆದರೆ ಮಳೆಗಾಲದಲ್ಲಿ ಘಟ್ಟ ಕುಸಿದರೆ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಆದಂತೆ, ದೂರ ಇದ್ದಷ್ಟೇ ಇದ್ದು ಹೊತ್ತು ಮಾತ್ರ ಇಮ್ಮಡಿಯಾಗುತ್ತದೆ.

ಬೆಳೆಯ ವಿಷಯ ಒಂದೆರಡು ಮಾತು. ವಿಮಾನ ಬಂದರೆ ನಮ್ಮ ಮಾಲು ಹೊರನಾಡಿಗೆ ಹೋಗುವುದೆಂಬ ಮಾತು ಆಗಾಗ ಕೇಳಿಬರುತ್ತದೆ. ಆಲೂಗೆಡ್ಡೆ, ಕೊಬ್ಬರಿ, ಕಾಫಿಗಳಿಗೆ ಹತ್ತು ಗಂಟೆ ಹೆಚ್ಚಾದರೆ ನಷ್ಟವಿಲ್ಲ. ತೂಕದ ಮಾಲು, ಲಾರಿಯೂ ರೈಲೂ ಹಡಗೂ ಅದಕ್ಕೆ ಸರಿಯಾದ ವಾಹನ. ಗುಲಾಬಿಯಂಥ ಹೂವು, ಎಳೆಯ ತರಕಾರಿ ಇವು ಬೇರೆ. ಆದರೆ ಅಲ್ಲಿಯೂ ಮಾಲು ಬಾಡುವುದು ಹಾರುವ ಅರ್ಧ ಗಂಟೆಯಲ್ಲಲ್ಲ. ಕೊಯ್ದ ಹೊಲದಿಂದ ತಂಪು ಕೋಣೆ ಸೇರುವವರೆಗಿನ ಬಿಸಿಲಿನಲ್ಲಿ. ಯಾರಾದರೂ ವಿಮಾನದ ನಿಮಿಷ ಹೇಳಿದರೆ, ಹೊಲದಿಂದ ನಿಲ್ದಾಣದ ತಂಪು ಕೋಣೆಗೆ ಎಷ್ಟು ಗಂಟೆ, ಅಲ್ಲಿ ತಂಪು ಕೋಣೆ ಉಂಟೇ ಎಂದು ಮೊದಲು ಕೇಳಿರಿ.

ಈ ಲೆಕ್ಕವನ್ನು ಊರಿಗೊಂದರಂತೆ ಮಾಡಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿಟ್ಟರೆ ಉಪಯೋಗವಾದೀತು. ಒಂದು ಹಾಳೆ ಸಾಕು. ಎಡಗಡೆ ನಿಲ್ದಾಣದ ಹೆಸರು: ದೇವನಹಳ್ಳಿ, ಮಂಡಕಳ್ಳಿ, ಸೋಗಾನೆ, ಬಜಪೆ. ಅದರ ಮುಂದೆ ಊರ ಬಾಗಿಲಿನಿಂದ ಕಾರಿನಲ್ಲಿ ಎಷ್ಟು ಹೊತ್ತು, ಬಸ್ಸು ರೈಲಿನಲ್ಲಿ ಎಷ್ಟು ಹೊತ್ತು, ರಾತ್ರಿ ಬಂದಿಳಿದವನಿಗೆ ಊರ ಕಡೆಗೆ ಕೊನೆಯ ಬಸ್ಸು ಯಾವ ಗಂಟೆಗೆ, ಮಳೆಗಾಲದಲ್ಲಿ ಎಷ್ಟು ಕೂಡಿಸಬೇಕು. ಹಾರುವ ನಿಮಿಷವನ್ನು ಕಡೆಯ ಕಲಮಿನಲ್ಲಿ ಬರೆದರೆ ಸಾಕು. ಗೆರೆಯ ದೂರದ ಲೆಕ್ಕವನ್ನು ಶಾಲೆಯ ಏಳನೆಯ ತರಗತಿಯ ಮಕ್ಕಳಿಂದ ಮಾಡಿಸಬಹುದು. ನಿಮ್ಮ ಊರಿನ ಅಕ್ಷಾಂಶ ರೇಖಾಂಶಗಳನ್ನು ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿರಿ. ಆಂಬುಲೆನ್ಸಿನವರಿಗೂ ಅಗ್ನಿಶಾಮಕದವರಿಗೂ ಹೊಲದ ನಡುವಿನ ಒಂಟಿ ಮನೆಯನ್ನು ತೋರಿಸಲು ಆ ಎರಡು ಅಂಕಿಗಳೇ ಬೇಕಾಗುತ್ತವೆ.